ಲೈಸೆನ್ಸಿನ ಚತುಸ್ಸೀಮೆ

ಕಂಪ್ಲಿಯ ಅಕ್ಕಿಗಿರಣಿಗಳಲ್ಲಾಗಲಿ, ಹೊಸಪೇಟೆಯ ಸಗಟು ಅಂಗಡಿಗಳಲ್ಲಾಗಲಿ, ಸಂಡೂರಿನ ಅದಿರು ಸಾಗಣೆಯ ಕಚೇರಿಗಳಲ್ಲಾಗಲಿ, ಕಿರ್ದಿ ಖಾತೆಗಳು ಕೆಂಪು ಬಟ್ಟೆಯ ರಟ್ಟನ್ನು ತೊರೆದು ಕಂಪ್ಯೂಟರನ್ನು ಆಶ್ರಯಿಸಿ ಬಹುಕಾಲವಾಯಿತು. ಮೆಟ್ರಿಯ ರೈತನೊಬ್ಬನು ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಭತ್ತದ ತೂಕವೂ ಕಟ್ಟಕಡೆಗೆ ಅಂತಹ ಒಂದು ಯಂತ್ರದ ಲೆಕ್ಕದಲ್ಲಿಯೇ ಹೋಗಿ ನಿಲ್ಲುತ್ತದೆ. ಇಂತಹ ಕೊಠಡಿಗಳಲ್ಲಿ ಒಂದು ಯಂತ್ರವನ್ನು ಸರ್ವರ್ ಎಂದು ಪ್ರತ್ಯೇಕಿಸಿ, ಗುಮಾಸ್ತರ ಮುಂದಿನ ಇನ್ನೆರಡು ಮೂರು ಯಂತ್ರಗಳನ್ನು ಅದಕ್ಕೆ ಕೇಬಲ್ಲಿನಿಂದ ಜೋಡಿಸಿರುವುದು ವಾಡಿಕೆ. ಒಂದು ದಿನ ಆ ಸರ್ವರಿನ ವಿಂಡೋಸ್ ಕೆಡುತ್ತದೆ. ರಿಪೇರಿಯವನು ಬಂದು, ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಬ್ಯಾಕಪ್ಪಿನಿಂದ ಲೆಕ್ಕಗಳನ್ನೆಲ್ಲ ಮರಳಿ ತುಂಬುತ್ತಾನೆ. ಅನಂತರ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನು ತೆರೆದರೆ ಅದು ತಾನು ಕೇವಲ ಕಲಿಯುವವರಿಗಾಗಿ ಇರುವ ಪ್ರತಿಯೆಂದು ಸಾರುತ್ತ, ತಿಂಗಳ ಮೊದಲನೆಯ, ಎರಡನೆಯ ತಾರೀಖು ಮೊದಲಾದ ಬೆರಳೆಣಿಕೆಯ ದಿನಗಳನ್ನುಳಿದು ಮತ್ತಾವ ದಿನದ ವೋಚರನ್ನೂ ಬರೆಯಗೊಡದು. “ರೊಕ್ಕ ಕೊಟ್ಟು ತಗಂಡದ್ದಲ್ಲೇನ್ರೀ ಇದು?” ಎಂಬ ಮಾಲೀಕನ ಪ್ರಶ್ನೆ ನ್ಯಾಯವಾದುದೇ ಆಗಿದೆ.

1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ ಗೋಯೆಂಕಾ ಅವರು ಆರಂಭಿಸಿದ ಸಂಸ್ಥೆಯಿಂದ ಹುಟ್ಟಿದ ಈ ತಂತ್ರಾಂಶವನ್ನು ಉದಾಹರಣೆಯಾಗಿ ಎತ್ತಿಕೊಂಡದ್ದು ಅದು ನಮ್ಮವರಿಗೆಲ್ಲ ಪರಿಚಿತವಾದುದರಿಂದಲೇ ಹೊರತು, ಈ ನಡೆವಳಿಕೆ ಅದೊಂದರದೇ ಎಂದಲ್ಲ. ಪ್ರಶ್ನೆಗೆ ಉತ್ತರವಿಷ್ಟೆ: ಫಾರ್ಮ್ಯಾಟಿನಲ್ಲಿ ನಷ್ಟವಾದದ್ದು ಹಕ್ಕಲ್ಲ, ಹಕ್ಕಿನ ಪತ್ರ. ಹಂಪೆಯಿಂದ ಆಳಿದ ಅರಸರ ದಾನದ ತಾಮ್ರಶಾಸನಗಳನ್ನು ನೋಡಿದವರಿಗೆ ಇದರ ರಚನೆ ಕೂಡಲೇ ಅರ್ಥವಾದೀತು. ಆ ಶಾಸನದಲ್ಲಿ ದಾನವಾದ ಗ್ರಾಮದ ಹೆಸರಿನೊಡನೆ ಅದರ ಚತುಸ್ಸೀಮೆಯು, ಇಂಥ ಗುಡ್ಡ, ಇಂಥ ಹಳ್ಳ, ಇಂಥ ನೆಟ್ಟ ಕಲ್ಲು ಎಂದು, ವಿವರಿಸಲ್ಪಟ್ಟಿರುತ್ತದೆ. ಕೊನೆಯಲ್ಲಿ, ಉಳಿದ ಪಾಠವು ನಂದಿನಾಗರಿಯಲ್ಲಿದ್ದರೂ, ಕನ್ನಡ ಅಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂಬ ಅಂಕಿತವು ಬೀಳುತ್ತದೆ. ಲೈಸೆನ್ಸಿನ ಕಡತದಲ್ಲಿರುವುದೂ ಇವೆರಡೇ: ಇದು ಯಾವ ಯಂತ್ರಕ್ಕೆ ಸಲ್ಲತಕ್ಕದ್ದೆಂಬ ಎಲ್ಲೆಯ ವಿವರಣೆ, ಮತ್ತು ಕೊಟ್ಟವರ ಅಂಕಿತ.

ಯಂತ್ರದ ಎಲ್ಲೆಗಳಾವುವು? ಮದರ್‌ಬೋರ್ಡಿನ ಕ್ರಮಸಂಖ್ಯೆ, ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲಿಯೇ ಕೊಟ್ಟ ವಿಳಾಸ, ಪ್ರೊಸೆಸರಿನ ಜಾತಿ, ಡಿಸ್ಕಿನ ಗುರುತು, ಇತ್ಯಾದಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಈ ಪದ್ಧತಿಯನ್ನು ಮನೆಮನೆಗೂ ತಂದ ಮೈಕ್ರೋಸಾಫ್ಟ್ ಇಂತಹ ಹತ್ತು ಗುರುತುಗಳನ್ನು ಎಣಿಸುತ್ತಿತ್ತು. ಕೆಲವು ಬದಲಾದರೂ ಸಹಿಸಿಕೊಳ್ಳುತ್ತಿತ್ತು. ಇವುಗಳಲ್ಲಿ ಬಹುತೇಕವು ಲೋಹದಲ್ಲಿಯೂ ಸಿಲಿಕಾನಿನಲ್ಲಿಯೂ ಅಡಕವಾದುದರಿಂದ ಫಾರ್ಮ್ಯಾಟಿಗೆ ಜಗ್ಗವು. ಆದರೆ ಡಿಸ್ಕಿನ ಭಾಗಕ್ಕೆ ವಿಂಡೋಸ್ ನೀಡುವ ವಾಲ್ಯೂಮ್ ಸಂಖ್ಯೆಯು ಫಾರ್ಮ್ಯಾಟಿನ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ಹಾಗೆಯೇ ವಿಂಡೋಸ್ ಪ್ರತಿಯೊಂದು ಸ್ಥಾಪನೆಯಲ್ಲಿಯೂ ತನಗೆ ತಾನೇ ಒಂದು ಹೊಸ ಗುರುತನ್ನು ಸೃಷ್ಟಿಸಿಕೊಳ್ಳುತ್ತದೆ. ಹೀಗಾಗಿ ಮೇಜಿನ ಮೇಲಿನ ಪೆಟ್ಟಿಗೆ ಅದೇ ಆದರೂ, ತಂತ್ರಾಂಶದ ಕಣ್ಣಿಗೆ ಅದು ಹಿಂದೆಂದೂ ಕಾಣದ ಯಂತ್ರವಾಗಿ ತೋರಬಹುದು. ಯಾವ ಗುರುತಿಗೆ ಎಷ್ಟು ಬೆಲೆಯೆಂಬುದನ್ನು ತಯಾರಕರು ಸಾಮಾನ್ಯವಾಗಿ ಗೋಪ್ಯವಾಗಿಡುತ್ತಾರೆ. ತಿಳಿಸಿದರೆ ಕಳ್ಳರಿಗೆ ಅನುಕೂಲ, ತಿಳಿಸದಿದ್ದರೆ ಪ್ರಾಮಾಣಿಕನಿಗೆ ಕಷ್ಟ.

ಇನ್ನು ಅಂಕಿತದ ಮಾತು. ಹಳೆಯ ಕಡತವನ್ನು ಪೆನ್ ಡ್ರೈವಿನಲ್ಲಿ ಉಳಿಸಿಕೊಂಡು, ಅದರಲ್ಲಿನ ಎಲ್ಲೆಯನ್ನು ಕೈಯಿಂದಲೇ ತಿದ್ದಿಕೊಳ್ಳಬಾರದೇಕೆ? 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಕಂಡುಹಿಡಿದ ಗಣಿತ ಅದಕ್ಕೆ ಅಡ್ಡ ನಿಲ್ಲುತ್ತದೆ. ಆ ವಿಧಾನದಲ್ಲಿ ಕೀಲಿಗಳೆರಡು. ಅಂಕಿತ ಹಾಕುವ ಕೀಲಿಯು ಕಂಪನಿಯ ಬಳಿಯಲ್ಲಿಯೇ ಉಳಿದು, ಅಂಕಿತವನ್ನು ಪರೀಕ್ಷಿಸುವ ಕೀಲಿಯು ಮಾತ್ರ ತಂತ್ರಾಂಶದೊಡನೆ ಊರೂರಿಗೆ ಹೋಗುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಪಡೆಯಬೇಕಾದರೆ ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಮತ್ತೆ ಒಡೆಯಬೇಕು, ಅದು ಇಂದಿನ ಯಂತ್ರಗಳಿಗೆ ಅಸಾಧ್ಯಪ್ರಾಯ. ಕಡತದಲ್ಲಿ ಒಂದಕ್ಷರ ತಿದ್ದಿದರೂ ಅಂಕಿತವು ಹೊಂದದೆ ಹೋಗುತ್ತದೆ.

ಆದುದರಿಂದ ಮರುಸಕ್ರಿಯಗೊಳಿಸುವುದೆಂದರೆ ಹೊಸ ಎಲ್ಲೆಯನ್ನು ಬರೆದುಕಳುಹಿಸಿ ಹೊಸ ಅಂಕಿತವನ್ನು ತರಿಸಿಕೊಳ್ಳುವುದು. ಫಾರ್ಮ್ಯಾಟಿಗೆ ಮೊದಲೇ ಲೈಸೆನ್ಸನ್ನು ‘ಸರೆಂಡರ್’ ಮಾಡಿದ್ದರೆ ಕಂಪನಿಯ ದಫ್ತರದಲ್ಲಿ ಅದು ಬಿಡುವಾಗಿರುತ್ತದೆ. ಡಿಸ್ಕೇ ಸತ್ತಮೇಲೆ ಸರೆಂಡರ್ ಮಾಡುವವರಾರು? ಆಗ ಸೀರಿಯಲ್ ನಂಬರು ಮತ್ತು ನೋಂದಾಯಿಸಿದ ಇ-ಮೇಲ್ ಕೊಟ್ಟು ಕೇಳಬೇಕು, ಬಿಡಿಸುವ ಕೀಲಿಸಂಖ್ಯೆಯು ಆ ಇ-ಮೇಲಿಗೇ ಬರುತ್ತದೆ. ನಮ್ಮ ಕಡೆಯ ನಿಜವಾದ ತೊಡಕು ಹುಟ್ಟುವುದು ಗಣಿತದಲ್ಲಲ್ಲ, ಇಲ್ಲಿಯೇ: ಆ ಇ-ಮೇಲು ಎಂದೋ ಕೆಲಸ ಬಿಟ್ಟುಹೋದ ಗುಮಾಸ್ತನದೋ, ಅಂಗಡಿ ಮುಚ್ಚಿದ ಮಾರಾಟಗಾರನದೋ ಆಗಿರುತ್ತದೆ. ಲಕ್ಷಾಂತರ ರೂಪಾಯಿಯ ವಹಿವಾಟಿನ ಮಂಡಿಯೊಂದು ಬಿಟ್ಟುಹೋದ ಹುಡುಗನ ಪಾಸ್‌ವರ್ಡಿಗಾಗಿ ಕಾದು ಕುಳಿತಿರುವುದು ಅಪರೂಪವೇನಲ್ಲ.

ದೊಡ್ಡ ಸರ್ವರುಗಳಲ್ಲಿ ಸ್ವಲ್ಪ ಔದಾರ್ಯವುಂಟು. ವಿಂಡೋಸ್ ಸರ್ವರಿನಲ್ಲಿ ದೂರದಿಂದ ಬಂದು ಕೆಲಸ ಮಾಡುವವರಿಗಾಗಿ ರಿಮೋಟ್ ಡೆಸ್ಕ್‌ಟಾಪ್ ಸೇವೆಯನ್ನು ಹೂಡಿದಾಗ ಲೈಸೆನ್ಸ್ ಸರ್ವರಿಲ್ಲದೆಯೇ 120 ದಿನಗಳ ಅವಕಾಶ ದೊರೆಯುತ್ತದೆ. ಲೈಸೆನ್ಸ್ ಸರ್ವರನ್ನೇ ಮತ್ತೆ ಕಟ್ಟಬೇಕಾಗಿ ಬಂದರೆ, ಕೊಂಡಿದ್ದ ಲೈಸೆನ್ಸುಗಳನ್ನು ಮೈಕ್ರೋಸಾಫ್ಟಿನ ದಫ್ತರದಿಂದ ಅಂತರ್ಜಾಲದ ಮೂಲಕವೋ ದೂರವಾಣಿಯ ಮೂಲಕವೋ ಮರಳಿ ಸ್ಥಾಪಿಸಿಕೊಳ್ಳಬಹುದು. ದೂರವಾಣಿಯ ದಾರಿ ಎಕ್ಸ್‌ಪಿಯ ಕಾಲದಲ್ಲಿಯೂ ಇತ್ತು. ಆಗ ಪರದೆಯ ಮೇಲಿನ 50 ಅಂಕಿಗಳನ್ನು ಓದಿ ಹೇಳಿ, ಅತ್ತಲಿಂದ ಬಂದ 42 ಅಂಕಿಗಳನ್ನು ತಪ್ಪದೆ ತುಂಬಬೇಕಾಗಿತ್ತು.

ಇಷ್ಟೆಲ್ಲ ಆಗಿ ಸರ್ವರಿನಲ್ಲಿ ಟ್ಯಾಲಿಯು ಹಕ್ಕನ್ನು ಒಪ್ಪಿಕೊಂಡ ಮೇಲೂ, ಗುಮಾಸ್ತರ ಯಂತ್ರಗಳು ಇನ್ನೂ ಕಲಿಯುವವರ ಪ್ರತಿಯನ್ನೇ ತೋರುತ್ತಿರಬಹುದು. ಅವು ಲೈಸೆನ್ಸನ್ನು ಸರ್ವರಿನಿಂದ 9999 ಎಂಬ ಪೋರ್ಟಿನ ಮೂಲಕ ಕೇಳಿ ಪಡೆಯುತ್ತವೆ. ಹೊಸದಾಗಿ ಹಾಕಿದ ವಿಂಡೋಸಿನ ಫೈರ್‌ವಾಲ್ ಹಿಂದಿನ ಅನುಮತಿಗಳೊಂದನ್ನೂ ಅರಿಯದು. ಆ ಪೋರ್ಟನ್ನು ಬಿಡಿಸಿ, ಸರ್ವರಿನ ಹೆಸರು ಬದಲಾಗಿದ್ದರೆ ಅದನ್ನೂ ಪ್ರತಿಯೊಂದು ಯಂತ್ರದಲ್ಲಿ ತಿದ್ದಿದ ಬಳಿಕವೇ ಆ ಭತ್ತದ ತೂಕವನ್ನು ಅದರ ನಿಜವಾದ ತಾರೀಖಿನಲ್ಲಿ ಬರೆಯಲು ಸಾಧ್ಯ.