ಭಾರಕ್ಕೆ ತಕ್ಕ ಸ್ಪ್ರಿಂಗು

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ಬೆಟ್ಟ, ಬಂಡೆ, ಕೆಂಪು ಮಣ್ಣು, ಕಡಲೆಕಾಯಿಯ ಹೊಲಗಳ ನಡುವೆ ಹಾದುಹೋಗುವ ಇಲ್ಲಿಯ ದಾರಿಗಳಲ್ಲಿ ಶಿರಾದ ಮೇಲೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ನುಣುಪೂ ಉಂಟು; ಜಲ್ಲಿ ಕಿತ್ತ ಹಳ್ಳಿದಾರಿಯ ಒರಟೂ ಉಂಟು; ಒಂದೊಂದು ಊರಿನವರೂ ತಮ್ಮ ತಮ್ಮ ಅಭಿರುಚಿಗನುಸಾರವಾಗಿ ಎಬ್ಬಿಸಿದ, ಬಣ್ಣವಿಲ್ಲದ, ರಾತ್ರಿ ಕಣ್ಣಿಗೆ ಬೀಳದ ಹಂಪುಗಳಂತೂ ಎಲ್ಲೆಲ್ಲಿಯೂ ಉಂಟು. ಮುಂಜಾನೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಸೊಸೈಟಿಯಿಂದ 45 ಕಿಲೋ ಯೂರಿಯಾ ಚೀಲ, ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಹೆಂಡತಿ ಮತ್ತು ಕೂಸು, ಶನಿವಾರ ಪಾವಗಡದ ಶನೈಶ್ಚರನ ಸನ್ನಿಧಿಗೆ ವೃದ್ಧ ತಂದೆ, ಹೀಗೆ ಒಂದೇ ಮೋಟಾರು ಸೈಕಲ್ಲು ಒಂದೇ ವಾರದಲ್ಲಿ ಹೊರುವ ಭಾರ ಎರಡು ಪಟ್ಟಾಗಿ, ಮೂರು ಪಟ್ಟಾಗಿ ಬದಲಾಗುತ್ತಲೇ ಇರುತ್ತದೆ. ಹೀಗಿದ್ದರೂ, ಹಿಂಬದಿಯ ಶಾಕ್ ಅಬ್ಸಾರ್ಬರಿನ ಕೆಳಗಿರುವ ಕಚ್ಚುಳ್ಳ ಉಂಗುರ ಮಾತ್ರ ಶೋರೂಮಿನಿಂದ ಬಂದ ದಿನ ಎಲ್ಲಿತ್ತೋ ಅಲ್ಲಿಯೇ ತುಕ್ಕು ಹಿಡಿದು ನಿಂತಿರುತ್ತದೆ. ಸವಾರನ ತೂಕಕ್ಕೂ ದಾರಿಗೂ ತಕ್ಕಂತೆ ಗಾಡಿಯ ಶಾಕುಗಳನ್ನು ಅಳವಡಿಸುವುದು ಒಂದು ಕುಶಲವಿದ್ಯೆ. ಅದರ ಮೊದಲ ಪಾಠ ಆ ಉಂಗುರದಲ್ಲಿಯೇ ಇದೆ.

ಸ್ಪ್ರಿಂಗು ತನ್ನ ಮೇಲೆ ಬಿದ್ದ ಭಾರಕ್ಕೆ ಅನುಗುಣವಾಗಿ ಕುಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಷ್ಟು ಹಿಂದೆಯೇ ಪ್ರಕಟಿಸಿದ್ದನಾದರೂ, ಎಣ್ಣೆಯ ತಡೆಯುಳ್ಳ ಮುಂಭಾಗದ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಮೋಟಾರು ಸೈಕಲ್ಲಿಗೆ ಜೋಡಿಸಿ ಮಾರುಕಟ್ಟೆಗೆ ತಂದದ್ದು 1935ರಲ್ಲಿ. ನಮ್ಮ ನಾಡಿನಲ್ಲಿ 1955ರಿಂದ ಮದರಾಸಿನ ಎನ್‌ಫೀಲ್ಡ್ ಬುಲೆಟ್ಟೂ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳೂ ಈ ಸೌಕರ್ಯವನ್ನು ಸಾಮಾನ್ಯ ಸವಾರನ ಬಳಿಗೆ ತಂದವು.

ಸವಾರನು ಏರಿ ಕುಳಿತೊಡನೆ ಗಾಡಿ ತುಸು ತಗ್ಗುವುದಷ್ಟೆ. ಈ ತಗ್ಗುವಿಕೆಗೆ ಬಲ್ಲವರು ‘ಸ್ಯಾಗ್’ ಎನ್ನುತ್ತಾರೆ. ಚಕ್ರದ ಒಟ್ಟು ಚಲನೆಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ತಗ್ಗಿದರೆ ಹದ. ಉದಾಹರಣೆಗೆ, ಹಿಂಚಕ್ರಕ್ಕೆ 100 ಮಿಲಿಮೀಟರಿನ ಚಲನೆಯುಳ್ಳ ಗಾಡಿ ಸವಾರನ ಭಾರಕ್ಕೆ 30 ಮಿಲಿಮೀಟರು ತಗ್ಗಿತೆನ್ನೋಣ. ಹಂಪನ್ನು ನುಂಗುವುದಕ್ಕೆ 70 ಉಳಿಯಿತು, ಗುಂಡಿಯೊಳಕ್ಕೆ ಚಕ್ರ ಇಳಿದು ನೆಲವನ್ನು ಹಿಡಿದುಕೊಳ್ಳುವುದಕ್ಕೆ ಆ 30 ಇದ್ದೇ ಇದೆ. ಅದೇ ಗಾಡಿಯ ಹಿಂದೆ ಇನ್ನೊಬ್ಬರೂ ಒಂದು ಚೀಲವೂ ಸೇರಿ 70ರವರೆಗೆ ಕುಸಿದರೆ, ಮುಂದಿನ ಹಂಪಿನಲ್ಲಿ ಶಾಕು ತಳಕ್ಕೆ ಬಡಿಯುವುದು, ಸವಾರನ ನಡು ಹಿಡಿಯುವುದು, ಹೆಡ್‌ಲೈಟು ಆಕಾಶವನ್ನು ನೋಡುತ್ತ ಎದುರಿನವನ ಕಣ್ಣು ಕುಕ್ಕುವುದು ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತವೆ. ಮುಂದಿನ ಸವಾರನ ಭಾರ ಎರಡು ಚಕ್ರಗಳಿಗೂ ಹಂಚಿಹೋಗುತ್ತದೆ. ಹಿಂದೆ ಕುಳಿತವರದು ಬಹುಮಟ್ಟಿಗೆ ಹಿಂದಿನ ಚಕ್ರಕ್ಕೇ ಸೇರುತ್ತದೆ. ಚೀಲವನ್ನು ಕ್ಯಾರಿಯರಿನ ತುದಿಗೆ ಕಟ್ಟಿದರಂತೂ ಮುಂಚಕ್ರ ಹಗುರಾಗಿ ಹ್ಯಾಂಡಲು ತೇಲತೊಡಗುತ್ತದೆ. ಎತ್ತಿನ ಗಾಡಿಗೆ ಹೇರು ಹೇರುವಾಗ ಮುಂಭಾರ ಹಿಂಭಾರಗಳನ್ನು ನೊಗ ಎತ್ತಿ ನೋಡಿ ಸರಿಪಡಿಸುತ್ತಿದ್ದ ರೈತನ ಮಕ್ಕಳೇ ಮೋಟಾರು ಸೈಕಲ್ಲಿನ ವಿಷಯದಲ್ಲಿ ಆ ವಿವೇಕವನ್ನು ಮರೆತರೆಂಬುದು ನನಗೆ ಸೋಜಿಗವಾಗಿ ತೋರುತ್ತದೆ.

ಅಳೆಯುವ ಕ್ರಮ ಸುಲಭ, ಆದರೆ ಒಬ್ಬನಿಂದ ಆಗತಕ್ಕದ್ದಲ್ಲ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂಚಕ್ರ ನೆಲ ಬಿಟ್ಟಿರುವಾಗ, ಅಚ್ಚಿನ ನಟ್ಟಿನಿಂದ ಸೀಟಿನ ಕೆಳಗೆ ಗುರುತು ಮಾಡಿದ ಒಂದು ಬಿಂದುವಿನವರೆಗೆ ಟೇಪು ಹಿಡಿಯಬೇಕು. ಅನಂತರ ಸ್ಟ್ಯಾಂಡಿನಿಂದ ಇಳಿಸಿ, ಹೆಲ್ಮೆಟ್ಟು ಚೀಲ ಸಹಿತವಾಗಿ ಸವಾರನು ಎರಡು ಕಾಲನ್ನೂ ಫುಟ್‌ರೆಸ್ಟಿನ ಮೇಲಿಟ್ಟು ಕುಳಿತಿರಲು, ಒಬ್ಬನು ಹ್ಯಾಂಡಲು ಹಿಡಿದು ನಿಲ್ಲಿಸಿಕೊಂಡಿರಲು, ಮತ್ತೊಬ್ಬನು ಅದೇ ಅಂತರವನ್ನು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಸ್ಯಾಗು. ಅದು ಹೆಚ್ಚಾಗಿ ಕಂಡರೆ, ಕೊಕ್ಕೆಯಂಥ ಬಾಯಿಯುಳ್ಳ ಸ್ಪ್ಯಾನರಿನಿಂದ ಉಂಗುರವನ್ನು ಒಂದು ಮೆಟ್ಟಿಲು ಮೇಲೇರಿಸತಕ್ಕದ್ದು. ನಿತ್ಯದ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಥ ಐದು ಮೆಟ್ಟಿಲುಗಳಿರುತ್ತವೆ. ಎರಡು ಶಾಕುಗಳಿದ್ದಲ್ಲಿ ಎರಡೂ ಒಂದೇ ಮೆಟ್ಟಿಲಿನಲ್ಲಿರಬೇಕೆಂಬುದು ಹೇಳಬೇಕಾದ ಮಾತೇ ಅಲ್ಲವೆಂದು ತೋರಬಹುದು. ಆದರೆ ಬಸ್ ನಿಲ್ದಾಣದ ಮುಂದೆ ಸಾಲಾಗಿ ನಿಂತ ಗಾಡಿಗಳನ್ನು ಬಗ್ಗಿ ನೋಡಿದರೆ ಎಡದ್ದು ಎರಡರಲ್ಲಿಯೂ ಬಲದ್ದು ನಾಲ್ಕರಲ್ಲಿಯೂ ನಿಂತಿರುವ ಗಾಡಿಗಳು ಸಿಕ್ಕೇ ಸಿಗುತ್ತವೆ.

ಉಂಗುರ ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂಬುದು ಗ್ಯಾರೇಜುಗಳಲ್ಲಿ ರೂಢಿಯ ಮಾತು, ಅದು ಸರಿಯಲ್ಲ. ಸ್ಪ್ರಿಂಗಿನ ಕಾಠಿನ್ಯ ಇದ್ದಷ್ಟೇ ಇರುತ್ತದೆ, ಗಾಡಿ ಕೂರುವ ಎತ್ತರ ಮಾತ್ರ ಬದಲಾಗುತ್ತದೆ. ಐದನೆಯ ಮೆಟ್ಟಿಲಿಗೇರಿಸಿದ ಮೇಲೆಯೂ ಗಾಡಿ ಕುಸಿಯುತ್ತಿದ್ದರೆ ಆ ತೂಕಕ್ಕೆ ಆ ಸ್ಪ್ರಿಂಗು ಸಲ್ಲದೆಂದೇ ಅರ್ಥ. ಇನ್ನು ಕುಗ್ಗಿದ ಸ್ಪ್ರಿಂಗು ಮರಳಿ ಚಿಮ್ಮುವ ವೇಗವನ್ನು ಹಿಡಿದಿಡುವುದು ಒಳಗಿನ ಎಣ್ಣೆಯ ಕೆಲಸ. ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಅದು ಒಡ್ಡುವ ಪ್ರತಿರೋಧದಿಂದಲೇ ಗಾಡಿ ಒಮ್ಮೆ ತಗ್ಗಿ ಎದ್ದು ಸುಮ್ಮನಾಗುತ್ತದೆ. ಎಣ್ಣೆ ಸೋರಿಹೋಗಿದ್ದರೆ ಹಂಪು ದಾಟಿದ ಮೇಲೂ ಎರಡು ಮೂರು ಬಾರಿ ಕುಣಿಯುತ್ತದೆ. “ಶಾಕ್ ಕುಂತೋಗದೆ ಕಣಣ್ಣ” ಎಂದು ಮೆಕ್ಯಾನಿಕ್ ಹೇಳುವುದು ಇಂಥದನ್ನೇ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯೂ ಕೆಂಪು ಧೂಳೂ ಕಲಸಿದ ಬಳೆಯಂಥ ಗೆರೆ ಕಂಡಿತೆಂದರೆ ಆಯಿಲ್ ಸೀಲು ಹರಿದಿದೆಯೆಂದು ತಿಳಿಯಬಹುದು.

ಈ ವಿದ್ಯೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಮರುಭೂಮಿಯನ್ನು ದಾಟುವ ದೂರದೋಟವಾದ ಡಕಾರ್ ರ್‍ಯಾಲಿಯ ಕಡೆಗೆ ನೋಡಬೇಕು. ಅದನ್ನು 2015ರಲ್ಲಿ ಪೂರೈಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಆ ಸಾಧನೆಗೈದ ಮೊದಲ ಭಾರತೀಯ ಮೋಟಾರು ಸೈಕಲ್ ಸವಾರ, ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಪೂರೈಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಇಂಥದೇ ಒರಟು ನೆಲದ ಓಟಗಳ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಗೆದ್ದರು. ಡಕಾರಿನ ಗಾಡಿಗಳ ಚಕ್ರ ಸುಮಾರು 300 ಮಿಲಿಮೀಟರು ಮೇಲೆ ಕೆಳಗೆ ಚಲಿಸಬಲ್ಲದು. ಟ್ಯಾಂಕುಗಳು ಹೊರುವ ಪೆಟ್ರೋಲು 30 ಲೀಟರಿಗೂ ಮಿಕ್ಕದ್ದು. ಲೀಟರಿಗೆ ಮುಕ್ಕಾಲು ಕಿಲೋದಂತೆ ಲೆಕ್ಕ ಹಾಕಿದರೆ ದಾರಿಯುದ್ದಕ್ಕೂ ಇಪ್ಪತ್ತು ಕಿಲೋಗೂ ಹೆಚ್ಚು ಭಾರ ಕರಗುತ್ತ ಹೋಗುವುದರಿಂದ, ತುಂಬಿದ ಟ್ಯಾಂಕಿಗೂ ಬರಿದಾದ ಟ್ಯಾಂಕಿಗೂ ಒಪ್ಪುವ ಒಂದು ಮಧ್ಯಮ ಮಾರ್ಗವನ್ನು ಅಲ್ಲಿಯ ಕುಶಲಿಗಳು ಅರಸಬೇಕಾಗುತ್ತದೆ.

ಆದರೆ ಎಂಥ ಶಾಕಿದ್ದರೂ ಸವಾರನ ಮೈ ಸೋತರೆ ಅದು ವ್ಯರ್ಥ. ಒರಟು ನೆಲದಲ್ಲಿ ಬಲ್ಲ ಸವಾರನು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ, ಕೈಗಳನ್ನು ಸಡಿಲವಾಗಿ ಬಿಟ್ಟು, ಆಘಾತವನ್ನು ತನ್ನ ತೊಡೆಗಳಲ್ಲಿಯೇ ಇಂಗಿಸಿಕೊಳ್ಳುತ್ತಾನೆ. ತೊಡೆ ದಣಿದವನು ಹ್ಯಾಂಡಲಿಗೆ ಜೋತುಬೀಳುತ್ತಾನೆ. ಆಗ ಮುಂಗೈ ಕಲ್ಲಾಗುತ್ತದೆ, ಬೆರಳು ಬ್ರೇಕನ್ನು ಹದವರಿತು ಒತ್ತಲಾರದು. ನಮ್ಮ ಹಳೆಯ ಗರಡಿಮನೆಗಳ ಬಸ್ಕಿಯೂ ಮಧುಗಿರಿಯ ಬೆಟ್ಟ ಹತ್ತುವುದೂ ಈ ದೃಷ್ಟಿಯಿಂದ ಉತ್ತಮ ಅಭ್ಯಾಸಗಳು. ಬೆಲೆಬಾಳುವ ಶಾಕನ್ನು ತರಿಸಿ, ಇಪ್ಪತ್ತು ಬಸ್ಕಿಗೆ ಏದುಸಿರು ಬಿಡುವವನು ಹಣವನ್ನು ತಪ್ಪು ಜಾಗದಲ್ಲಿ ವ್ಯಯಿಸಿದನೆಂದೇ ನನ್ನ ಮತ.

ಓದುಗರಲ್ಲಿ ಗಾಡಿಯುಳ್ಳವರು ಈ ಭಾನುವಾರ ಒಂದರ್ಧ ಗಂಟೆ ಇದಕ್ಕಾಗಿ ತೆಗೆದಿಡಬೇಕೆಂದು ನನ್ನ ಬಿನ್ನಹ. ಉಂಗುರದ ಸ್ಪ್ಯಾನರು ಅನೇಕ ಗಾಡಿಗಳ ಟೂಲ್ ಕಿಟ್ಟಿನಲ್ಲಿಯೇ ಇರುತ್ತದೆ. ಇಲ್ಲದಿದ್ದರೆ ಯಾವ ಗ್ಯಾರೇಜಿನಲ್ಲಿಯಾದರೂ ದೊರೆತೀತು. ಹೆಂಡತಿ ಮಕ್ಕಳೊಡನೆ ಹೊರಡುವ ಮುನ್ನ ಎರಡೂ ಕಡೆ ಸಮವಾಗಿ ಏರಿಸಿರಿ, ಒಬ್ಬರೇ ಓಡಾಡುವಾಗ ಮತ್ತೆ ಇಳಿಸಿರಿ.