ಶುದ್ಧಿಯ ಗೀಳು ಮತ್ತು ಪಾಲಿ ಸ್ಟೈರೀನಳ ದನಿ

"ಇದೂ ಒಂದು ಹಾಡೇನ್ರೀ?" ಸ್ಟಾಫ್ ರೂಮಿನಲ್ಲಿ ನನ್ನ ಮೊಬೈಲಿನಿಂದ ಹೊರಟ ದನಿಗೆ ಸಹೋದ್ಯೋಗಿಯೊಬ್ಬರು ಮುಖ ಸಿಂಡರಿಸಿದರು. ದಲಿತ ಕಾವ್ಯ ಪಾಠ ಮಾಡುವ ನನಗೆ ಇದು ಹೊಸ ಪ್ರಶ್ನೆಯಲ್ಲ. "ಇದೂ ಒಂದು ಕಾವ್ಯವೇ?" ಎಂಬುದರ ತಂಗಿ ಅಷ್ಟೆ.

ಆ ದನಿ ಲಂಡನ್ನಿನ ಪಂಕ್ ತಂಡ ಎಕ್ಸ್-ರೇ ಸ್ಪೆಕ್ಸ್‌ನ ಪಾಲಿ ಸ್ಟೈರೀನಳದು. ತಂಡದ ಮೊದಲ ಆಲ್ಬಮ್ 'ಜರ್ಮ್‌ಫ್ರೀ ಅಡಾಲಸೆಂಟ್ಸ್', ಅಂದರೆ ಕ್ರಿಮಿಮುಕ್ತ ಹರೆಯದವರು, 1978ರ ನವೆಂಬರಿನಲ್ಲಿ ಬಂತು. ಸಂಗೀತ ಕಲಿತು ಮುಗಿಸುವತನಕ ಕಾಯಬೇಡಿ, ಹೇಳೋದಿದ್ದರೆ ವೇದಿಕೆ ಹತ್ತಿ ಅನ್ನುವುದು ಪಂಕ್‌ನ ಧೈರ್ಯ.

ನಾನೂ ಮೊದಲು ಹುಡುಕಿದ್ದು ಅವಳ ಅಪ್ಪನ ಊರನ್ನೇ. ತಂದೆ ಸೊಮಾಲಿ, ತಾಯಿ ಬಿಳಿಯಳು. ಹುಟ್ಟಿದ್ದು 1957ರಲ್ಲಿ. ನ್ಯಾಷನಲ್ ಫ್ರಂಟಿನ ಜನಾಂಗದ್ವೇಷ ಬೀದಿಗಿಳಿದಿದ್ದ ಕಾಲದಲ್ಲಿ, 1978ರ ಏಪ್ರಿಲ್ 30ರಂದು, ವಿಕ್ಟೋರಿಯಾ ಪಾರ್ಕಿನ ವರ್ಣಭೇದ ವಿರೋಧಿ ಸಭೆಯಲ್ಲಿ ಈ ತಂಡ ಹಾಡಿತ್ತು. ಹಾಗಾಗಿ ಆಲ್ಬಮ್ಮಿನಲ್ಲಿ ಕಪ್ಪು ಹುಡುಗಿಯ ನೋವಿನ ಕಥೆ ಇರಬೇಕು ಅಂತ ಕಾದೆ. ಹನ್ನೆರಡು ಹಾಡಿನಲ್ಲೂ ಅಂಥ ಆತ್ಮಕಥೆ ನೇರವಾಗಿ ಸಿಗಲಿಲ್ಲ.

ಸಿಕ್ಕಿದ್ದು ಪ್ಲಾಸ್ಟಿಕ್ ಚೀಲ, ಜಾಹೀರಾತು, ಕನ್ನಡಿ, ಅಂಗಡಿ. ಅವಳು ತಾನೇ ಇಟ್ಟುಕೊಂಡ ಹೆಸರೂ ಥರ್ಮೋಕೋಲ್ ಮಾಡುವ ಪ್ಲಾಸ್ಟಿಕ್ಕಿನದು. ಹೊದಿಕೆಯ ಚಿತ್ರದಲ್ಲಿ ತಂಡದವರೆಲ್ಲ ಪ್ರಯೋಗಶಾಲೆಯ ದೊಡ್ಡ ಗಾಜಿನ ಕೊಳವೆಗಳೊಳಗೆ ನಿಂತಿದ್ದಾರೆ. 'ನಾನು ಅಪ್ಪಟ, ನೀವು ಕೃತಕ' ಅಂತ ಅವಳು ಎಲ್ಲೂ ಬೀಗುವುದಿಲ್ಲ. ತಾನೂ ಅದೇ ಕೊಳವೆಯ ಸರಕು ಅಂತ ನಗುತ್ತಲೇ ಕೂಗುತ್ತಾಳೆ. ಆ ಕೂಗಿನ ಜೊತೆ ಸ್ಯಾಕ್ಸೊಫೋನೂ ಜಗಳಕ್ಕೆ ಬಿದ್ದಂತೆ ಕೂಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ಶೀರ್ಷಿಕೆಯ ಹಾಡು. ಇಷ್ಟು ಚೀರುವ ಆಲ್ಬಮ್ ಇಲ್ಲಿಗೆ ಬಂದಾಗ ನಿಧಾನವಾಗುತ್ತದೆ, ಮೆತ್ತಗಾಗುತ್ತದೆ. ಸ್ವಚ್ಛತೆಯ ಗೀಳು ಹತ್ತಿದ ಒಂದು ಜೀವ. ಅದರ ಹತ್ತಿರ ಹೋಗಲು ಹಂಬಲಿಸುವ ಇನ್ನೊಂದು. ಸುವಾಸನೆಯಿದೆ, ಬಿಸುಪಿಲ್ಲ. ಶುದ್ಧಿ ಅಂದರೆ ಇನ್ನೊಬ್ಬರು ಮುಟ್ಟದಂತೆ ಹೆಪ್ಪುಗಟ್ಟುವುದು ಅನ್ನುವುದನ್ನು ಅವಳು ವಾದಿಸುವುದಿಲ್ಲ, ರಾಗ ಇಳಿಸಿ ತೋರಿಸುತ್ತಾಳೆ.

ಇದನ್ನು ನಮ್ಮ ಮಡಿ-ಮೈಲಿಗೆಗೆ ಸಮೀಕರಿಸುವ ಅವಸರ ನನಗಿಲ್ಲ. ಅವಳ ಹಾಡಿನದು ಸೋಪು ಕಂಪನಿ ಮಾರುವ ಶುದ್ಧಿ, ಕಾಸಿದ್ದರೆ ಯಾರಿಗೂ ಸಿಗುತ್ತೆ. ನಮ್ಮೂರಿನ ಶುದ್ಧಿ ಹುಟ್ಟಿನದು. ಎಷ್ಟು ಸೋಪು ತಿಕ್ಕಿದರೂ ನಮ್ಮವ್ವನಿಗೆ ಅದು ಸಿಕ್ಕಲಿಲ್ಲ.

ತಂಡ 1979ರಲ್ಲಿ ಒಡೆಯಿತು, ಪಾಲಿ 2011ರಲ್ಲಿ ತೀರಿಕೊಂಡಳು. ಆದರೆ ಅವಳು ನನ್ನ ವಿಮರ್ಶೆಗೊಂದು ತಕರಾರು ಹಾಕಿ ಹೋಗಿದ್ದಾಳೆ. ದಲಿತ ಲೇಖಕರಿಂದ ನೋವಿನ ದಾಖಲೆಯನ್ನಷ್ಟೇ ಕೇಳುವವರಲ್ಲಿ ನಾವೂ ಇದ್ದೇವೆ. ನಮ್ಮವರ ವಿಚಾರ, ವ್ಯಂಗ್ಯ, ಲಯವನ್ನು ಓದೋದು ಯಾವಾಗ? "ಇದೂ ಒಂದು ಹಾಡೇ?" ಅಂದವರು ದನಿಯನ್ನಾದರೂ ಕೇಳಿಸಿಕೊಂಡಿದ್ದರು. ನಾನು ಅವಳ ಅಪ್ಪನನ್ನು ಹುಡುಕುತ್ತಿದ್ದೆ.