ವಿಲ್ಲೋ ಬೇಡ, ಬಿದಿರು ಸಾಕು: ಬಿಲ್ಲು ಮುರಿದು ಮುಖಕ್ಕೆ ಬಡಿಯದಂಗೆ ಮಾಡೋದು ಹೇಗೆ?

ಬಳ್ಳಾರಿ: ಶಾಲೆಗೆ ರಜೆ ಬಿಟ್ಟರೆ ಸಿರುಗುಪ್ಪ, ಕುರುಗೋಡು ಕಡೆ ಹುಡುಗರ ಕೈಗೆ ಬಿಲ್ಲು ಬರುತ್ತೆ. ಯೂಟ್ಯೂಬ್ ನೋಡಿ ‘ವಿಲ್ಲೋ ಕಟ್ಟಿಗೆ ಎಲ್ಲಿ ಸಿಗುತ್ತೆ’ ಅಂತ ಕೇಳೋರೂ ಇದ್ದಾರೆ. ಕಾಶ್ಮೀರದಲ್ಲಿ ಕ್ರಿಕೆಟ್ ಬ್ಯಾಟ್ ಮಾಡೋ ಮರ ಅದು. ಹಗುರ, ಮೆದು. ಬಿಲ್ಲಿಗೆ ನಮ್ಮ ಬಿದಿರೇ ಮೇಲು.

ಮೇದಾರರ ಹತ್ತಿರ ಅಥವಾ ಬೊಂಬಿನ ಅಂಗಡಿಯಲ್ಲಿ ಬಲಿತ ಬಿದಿರು ತಗೊಳ್ಳಿ. ಸ್ವಂತ ಹೊಲದ ಬಿದಿರು ಕಡಿಯೋಕೆ 2017ರ ಅರಣ್ಯ ಕಾಯ್ದೆ ತಿದ್ದುಪಡಿ ಆದ ಮೇಲೆ ಸಲೀಸಾಗಿದೆ. ಕಾಡಿನದನ್ನ ಮುಟ್ಟಬೇಡಿ.

ಎರಡು ಬೆರಳು ಅಗಲ, ನಾಲ್ಕು ಅಡಿ ಉದ್ದದ ದಬ್ಬೆ ಸೀಳಿ, ನೆರಳಲ್ಲಿ ಮೂರ್ನಾಲ್ಕು ವಾರ ಒಣಗಿಸಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಇಟ್ಟರೆ ಬಿರುಕು ಗ್ಯಾರಂಟಿ. ಹಸಿ ಬಿದಿರಾದರೆ ಬಗ್ಗಿದ್ದು ಬಗ್ಗಿದಂಗೇ ಉಳಿಯುತ್ತೆ.

ಮುಖ್ಯ ಮಾತು ಇದು. ಬಿದಿರಿನ ಹಸಿರು ಸಿಪ್ಪೆಯ ಹೊರಮೈಯಲ್ಲೇ ನಾರು ಹೆಚ್ಚು, ಎಳೆತ ತಡೆಯೋದು ಅದೇ. ಹಾಗಾಗಿ ಸಿಪ್ಪೆ ಗುರಿಯ ಕಡೆ ಇರಬೇಕು, ಅದನ್ನ ಕೆತ್ತಬಾರದು. ಕೆತ್ತೋದೆಲ್ಲಾ ಒಳಮೈಯನ್ನೇ. ನಾನು ಏಳನೇ ಕ್ಲಾಸಲ್ಲಿ ಚೆಂದ ಕಾಣ್ಲಿ ಅಂತ ಸಿಪ್ಪೆ ಹೆರೆದು ಬಿಲ್ಲು ಮಾಡಿದ್ದೆ. ಮೂರನೇ ಎಳೆತಕ್ಕೇ ಮುರಿದು ಗಲ್ಲಕ್ಕೆ ಬಡೀತು, ಕಲೆ ಇನ್ನೂ ಇದೆ.

ನಡುವೆ ಒಂದು ಹಿಡಿಯಷ್ಟು ದಪ್ಪ ಬಿಟ್ಟು, ಎರಡೂ ತುದಿ ಕಡೆಗೆ ತೆಳು ಮಾಡ್ತಾ ಹೋಗಿ. ಹಗ್ಗ ಕಟ್ಟಿ ಮೆಲ್ಲಗೆ ಎಳೆದು ಗೋಡೆ ಮುಂದೆ ಹಿಡಿದು ನೋಡಿ. ಒಂದು ತೋಳು ಕಮ್ಮಿ ಬಗ್ಗಿದರೆ ಆ ಕಡೆ ಇನ್ನೊಂಚೂರು ಹೆರೆಯಬೇಕು. ಎರಡೂ ಸಮ ಆಗೋತನಕ ಪೂರ್ತಿ ಎಳೀಬೇಡಿ. ಆಮೇಲೆ ಸ್ಯಾಂಡ್ ಪೇಪರ್ ಉಜ್ಜಿ ಸಿಬಿರು ತೆಗೀರಿ.

ಹೆದೆಗೆ ಹಿಗ್ಗದ ಗಟ್ಟಿ ಹುರಿ ಬೇಕು, ಬಿಲ್ಲಿಗಿಂತ ಸ್ವಲ್ಪ ಗಿಡ್ಡ. ಆಟ ಮುಗಿದ ಮೇಲೆ ಬಿಚ್ಚಿಡಿ. ಬಾಣ ಇಲ್ಲದೆ ಖಾಲಿ ಹೆದೆ ಎಳೆದು ಬಿಡೋದು ಬೇಡ. ಬಾಣ ಒಯ್ಯಬೇಕಾದ ಶಕ್ತಿಯೆಲ್ಲಾ ಬಿಲ್ಲಿಗೇ ವಾಪಸ್ ಬಂದು ಸೀಳಿಬಿಡುತ್ತೆ.

ಕೌಜುಗ, ಮೊಲದ ಮೇಲೆ ಬಿಡೋ ಆಸೆ ಇದ್ದರೆ ಬಿಟ್ಟುಬಿಡಿ. ಬಂದೂಕಾಗಲಿ ಬಿಲ್ಲಾಗಲಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧವೇ. ಗುರಿಗೆ ಹುಲ್ಲಿನ ಪಿಂಡಿ ಇಡಿ, ಸಿರುಗುಪ್ಪದಲ್ಲಿ ಭತ್ತದ ಹುಲ್ಲಿಗೇನು ಬರವೇ? ಪಿಂಡಿ ಹಿಂದೆ ಯಾರೂ ನಿಲ್ಲಬಾರದು.

ಅಂಗಡಿಯವರಿಗೂ ಒಂದು ಮಾತು: ಜಾತ್ರೆಯಲ್ಲಿ ಮಾರೋ ಬಾಣದ ತುದಿಗೆ ರಬ್ಬರ್ ಬಿರಡೆ ಗಟ್ಟಿಯಾಗಿದೆಯಾ ನೋಡಿ. ಕಸಬರಿಗೆ ಕಡ್ಡಿ ಬಾಣವೂ ಕಣ್ಣು ಕಳೆಯಬಲ್ಲದು. ಕಣ್ಣಿಗೆ ತಾಕಿದರೆ ಉಜ್ಜಬೇಡಿ, ಚುಚ್ಚಿಕೊಂಡ ಕಡ್ಡಿ ಕೀಳಬೇಡಿ, ನಾಟಿ ಔಷಧಿ ಹಾಕಬೇಡಿ. ಕಣ್ಣು ಒತ್ತದಂಗೆ ಮೇಲೊಂದು ಪೇಪರ್ ಕಪ್ ಅಡ್ಡ ಹಿಡಿದು ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.